ಮುಂಗಡ ಕೊಟ್ಟು ಕಾದವರಿಗೆ ಹೊಸ ಮಾಡೆಲ್ಲಿನ ದರ ಎಷ್ಟು?

ಈ ವಾರ ಬೀಜ, ಗೊಬ್ಬರ, ಕೀಟದ ಮಾತಲ್ಲ. ಮುಂಗಡ ಕೊಟ್ಟು ಬುಕ್ ಮಾಡಿದ ಯಂತ್ರ ತಡವಾಗಿ ಬಂದಾಗ, ಅದೂ ಬುಕ್ ಮಾಡಿದ ಮಾಡೆಲ್ ಬದಲು ‘ಸುಧಾರಿಸಿದ ಹೊಸ ಮಾಡೆಲ್’ ಬಂದಾಗ, ಯಾರು ಎಷ್ಟು ಕೊಡಬೇಕು ಅನ್ನೋ ಲೆಕ್ಕದ ಮಾತು.

ಬೈಲಹೊಂಗಲದ ಎರಿ ಹೊಲದಾಗ ಸೋಯಾ ತೆಗೆದ ಮ್ಯಾಲೆ ಕಡಲಿ, ಜೋಳ ಬಿತ್ತುತ್ತಾರೆ. ಕಿತ್ತೂರು ಕಡೆ ಭತ್ತ, ಗೋವಿನಜೋಳ. ಸವದತ್ತಿ, ರಾಮದುರ್ಗದೊಳಗ ಮಲಪ್ರಭೆಯ ನೀರು ಸಿಕ್ಕವರದು ಒಂದು ಪಾಳಿ, ಮಳೆ ನಂಬಿದವರದು ಇನ್ನೊಂದು ಪಾಳಿ. ಬೆಳೆ ಬ್ಯಾರೆ ಬ್ಯಾರೆ, ಆದರೆ ನಾಲ್ಕೂ ತಾಲೂಕಿನಲ್ಲಿ ನನ್ನ ಕಿವಿಗೆ ಬೀಳುವ ದೂರು ಒಂದೇ. ಸವದತ್ತಿ ಕಡೆಯ ಹಿರಿಯರೊಬ್ಬರು ಹೇಳಿದ ಮಾತು ಹಿಂಗಿತ್ತು: “ಒಂದ ಅಂಗಡಿಯಾಗ ಮೂರನೇ ಸಲ ಯಂತ್ರ ತೊಗೊಳ್ಳಾಕತ್ತೇನ್ರಿ. ಸಂಚಕಾರ ಕೊಟ್ಟು ನಾಕ ತಿಂಗಳ ಕಾದೆ. ನಿನ್ನೆ ಬಂದವಗೂ ಅದ ರೇಟ್, ನನಗೂ ಅದ ರೇಟ್ ಅಂದ್ರ, ನಾ ಕಾದದ್ದಕ್ಕ ಏನ್ ಕಿಮ್ಮತ್ತು ಬಂತ್ರಿ?”

ಅವರ ಪ್ರಶ್ನೆ ನ್ಯಾಯದ್ದು. ನಮ್ಮ ಕಡೆ ಸಂಚಕಾರ ಅಂದ್ರೆ ಮುಂಗಡ, ಪುಸ್ತಕದ ಕನ್ನಡದಲ್ಲಿ ಆಪತ್ತು. ಎರಡೂ ಅರ್ಥ ಒಂದೇ ಸಲ ಕೂಡಬಾರದು ಅಂದ್ರೆ ದರದ ಲೆಕ್ಕ ಮೊದಲೇ ಗೊತ್ತಿರಬೇಕು.

ಕಾಯೋದಕ್ಕೂ ಬೆಲೆ ಐತಿ

ಪ್ಯಾಟಿಯವರು ಮೊಬೈಲ್ ಬುಕ್ ಮಾಡಿ ಎರಡು ತಿಂಗಳು ಕಾದರೆ ಬೇಜಾರಾಗತೈತಿ, ಅಷ್ಟೇ. ಹಿಂಗಾರಿ ಬಿತ್ತನೆಗೆ ಕೂರಿಗಿ ಕಾಯುವವನ ಕಥೆ ಹಂಗಲ್ಲ. ಎರಿ ಭೂಮಿಯ ಹಿಂಗಾರಿ ಬೆಳೆ ನಿಂತಿರೋದು ನೆಲದೊಳಗ ಉಳಿದ ಹಸಿಯ ಮ್ಯಾಲೆ. ಹದ ಹೋದ ಮೇಲೆ ಎಷ್ಟೇ ಚಂದದ ಯಂತ್ರ ಬಂದರೂ ಆ ವರ್ಷದ ಮೊಳಕೆ ವಾಪಸ್ ಬರಂಗಿಲ್ಲ. ಹಿಂಗಾಗಿ ರೈತ ಬಾಡಿಗಿ ಯಂತ್ರಕ್ಕೆ ದುಡ್ಡು ಕೊಡುತ್ತಾನೆ, ಮುಂಗಡದ ದುಡ್ಡು ಅಂಗಡಿಯಲ್ಲಿ ಬಡ್ಡಿ ಇಲ್ಲದೆ ಕೂತಿರತೈತಿ.

ಇನ್ನೊಂದು ಮಾತು. ಮುಂಗಡ ಕೊಟ್ಟವನು ಯಂತ್ರದ ಜೊತೆಗೆ ಪಾಳಿಯನ್ನೂ ಕೊಂಡಿರುತ್ತಾನೆ. ಪಾಳಿ ಮುರಿದು ರೊಕ್ಕ ಎಣಿಸಿದವನಿಗೆ ಮೊದಲು ಕೊಟ್ಟರೆ, ಕಾದವನ ಸ್ವತ್ತು ತೆಗೆದು ಇನ್ನೊಬ್ಬನಿಗೆ ಕೊಟ್ಟಂಗೆ.

ಈ ಬಗ್ಗೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ, 1994ರದು. ಹರಿಯಾಣ ಆಗ್ರೋ ಇಂಡಸ್ಟ್ರೀಸ್ ಕಾರ್ಪೊರೇಷನ್ನಿನಲ್ಲಿ ಟ್ರ್ಯಾಕ್ಟರಿಗೆ ಹೆಸರು ಹಚ್ಚಿದ್ದ ರೈತನ ಪ್ರಕರಣ. ಅವನ ಪಾಳಿ ತಪ್ಪಿಸಿ ಬೇರೆಯವರಿಗೆ ಟ್ರ್ಯಾಕ್ಟರ್ ಕೊಟ್ಟರು, ಅಷ್ಟರಲ್ಲಿ ಬೆಲೆ ಏರಿತು, ಏರಿದ ಬೆಲೆ ಅವನ ತಲೆಗೆ ಬಂತು. ಇದು ಅನ್ಯಾಯದ ವ್ಯಾಪಾರ ಪದ್ಧತಿ ಅಂತ ಕೋರ್ಟು ರೈತನ ಪರ ನಿಂತಿತು. ಮೂವತ್ತು ವರ್ಷದ ಹಿಂದಿನ ತೀರ್ಪು, ಇವತ್ತಿನ ಶೋರೂಮಿಗೂ ಪಾಠ.

‘ಹೊಸ ಮಾಡೆಲ್’ ಮೂರು ನಮೂನಿ

ಡೀಲರ್ “ಹೊಸ ಮಾಡೆಲ್ ಬಂದೈತ್ರಿ, ರೇಟ್ ಏರೈತಿ” ಅಂದಾಗ ಮೊದಲು ಕೇಳಬೇಕಾದದ್ದು: ಏನು ಬದಲಾಗೈತಿ?

ಒಂದನೆಯದು ಬರೇ ಹೆಸರು, ಬಣ್ಣ, ಸ್ಟಿಕ್ಕರ್ ಬದಲಾದದ್ದು. ಹಳೆ ಗಿರಾಕಿ ಇದಕ್ಕೆ ಒಂದು ರೂಪಾಯಿ ಕೂಡ ಹೆಚ್ಚಿಗೆ ಕೊಡಬೇಕಾಗಿಲ್ಲ.

ಎರಡನೆಯದು ಕೆಲಸಕ್ಕೆ ಬರುವ ಸುಧಾರಣೆ. ಔಷಧ ಹೊಡೆಯುವ ಚಾರ್ಜಿಂಗ್ ಪಂಪಿನಲ್ಲಿ 12 ವೋಲ್ಟ್ 8 ಎಎಚ್ ಬ್ಯಾಟರಿ ಇದ್ದದ್ದು 12 ಎಎಚ್ ಆದರೆ, ಅದೇ ಮೋಟರಿಗೆ ಒಂದು ಚಾರ್ಜಿನಲ್ಲಿ ಸುಮಾರು ಒಂದೂವರೆ ಪಟ್ಟು ಹೊತ್ತು ಓಡತೈತಿ. ಇದು ನಿಜವಾದ ಲಾಭ. ಆದರೆ ಎರಡು ಎಕರೆ ಮೆಣಸಿನಕಾಯಿ ಇದ್ದವನಿಗೆ 8 ಎಎಚ್ ಸಾಕಾಗುವಂಗಿದ್ದರೆ, ಬೇಡದ ಸುಧಾರಣೆಯ ಪೂರ್ತಿ ಬೆಲೆ ಅವನ ಮೇಲೆ ಹೇರೋದು ಸರಿಯಲ್ಲ.

ಮೂರನೆಯದು ಕಾನೂನಿನಿಂದ ಬಂದ ಬದಲಾವಣೆ. 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರಿಗೆ ಟ್ರೆಮ್-4 ಅನ್ನೋ ಹೊಗೆ ನಿಯಮ ಬಂತು. ಎಂಜಿನ್ ವ್ಯವಸ್ಥೆಯೇ ಬದಲಾಗಬೇಕಾದ್ದರಿಂದ ಖರ್ಚು ಖರೇನ ಹೆಚ್ಚಾಯಿತು. ಆದರೆ ಅವತ್ತು ಆ ನಿಯಮ 50 ಎಚ್‌ಪಿ ಒಳಗಿನ ಟ್ರ್ಯಾಕ್ಟರಿಗೆ ಹತ್ತಲಿಲ್ಲ. ನಮ್ಮ ಕಡೆ ಹೆಚ್ಚಾಗಿ ಓಡುವ ಟ್ರ್ಯಾಕ್ಟರುಗಳು ಈ ಕೆಳಗಿನ ಗುಂಪಿನವೇ. ಹಿಂಗಾಗಿ “ಸರಕಾರದ ನಿಯಮ ಬದಲಾಗೈತಿ” ಅಂದ್ರೆ, ಯಾವ ನಿಯಮ, ಯಾವ ತಾರೀಖಿನಿಂದ, ನನ್ನ ಎಚ್‌ಪಿಗೆ ಹತ್ತತೈತೇನು ಅಂತ ಕೇಳ್ರಿ.

ತೆರಿಗೆ ಇಳಿದರೆ ಯಾರ ಕಿಸೆಗೆ?

2025ರ ಸೆಪ್ಟೆಂಬರ್ 22ರಂದು, ನವರಾತ್ರಿಯ ಮೊದಲ ದಿನ, ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ನೆಲ ಹದ ಮಾಡುವ, ಬಿತ್ತುವ, ಕೊಯ್ಯುವ ಯಂತ್ರಗಳಿಗೂ ಹಂಗೇ. ತೆರಿಗೆ ಬಿಟ್ಟು 7,00,000 ರೂಪಾಯಿಯ ಟ್ರ್ಯಾಕ್ಟರಿಗೆ ಮೊದಲು 84,000 ತೆರಿಗೆ ಬೀಳುತ್ತಿತ್ತು, ಆಮೇಲೆ 35,000. ವ್ಯತ್ಯಾಸ 49,000.

“ನಾ ಜುಲೈದಾಗ ಬುಕ್ ಮಾಡೇನಿ, ನನಗ ಹಳೆ ತೆರಿಗಿ ಹಚ್ಚತಾರೇನ್ರಿ?” ಅಂತ ಕೇಳಿದವರು ಬಾಳ ಮಂದಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 14ನೇ ಕಲಮಿನ ಪ್ರಕಾರ, ಮುಂಗಡ ಮೊದಲೇ ಕೊಟ್ಟಿದ್ದರೂ ಯಂತ್ರ ಕೈಗೆ ಬಂದದ್ದು ಮತ್ತು ಬಿಲ್ಲು ಹರಿದದ್ದು ಎರಡೂ ದರ ಬದಲಾದ ನಂತರ ಆಗಿದ್ದರೆ ಹೊಸ ದರವೇ. 1930ರ ಸರಕು ಮಾರಾಟ ಕಾಯ್ದೆಯ 64-ಎ ಕಲಮು ಕೂಡ, ಒಪ್ಪಂದದಲ್ಲಿ ಬೇರೆ ಮಾತು ಇಲ್ಲದಿದ್ದರೆ, ತೆರಿಗೆ ಇಳಿದಾಗ ಅಷ್ಟು ಮೊತ್ತ ಕಳೆದು ಕೊಡುವ ಹಕ್ಕು ಕೊಳ್ಳುವವನಿಗೆ ಐತಿ ಅನ್ನತೈತಿ. ಏರಿದರೆ ಸೇರಿಸುವ ಹಕ್ಕು ಮಾರುವವನಿಗೆ. ಹಿಂಗಾಗಿ ತೆರಿಗೆ ಇಳಿದ ಹೊತ್ತಿಗೇ ಮೂಲ ಬೆಲೆ ಏರಿತು ಅಂದ್ರೆ ಎರಡೂ ಕೊಟೇಶನ್ ಮಗ್ಗಲಕ್ಕ ಮಗ್ಗಲ ಇಟ್ಟು, ತೆರಿಗೆ ಬಿಟ್ಟ ಬೆಲೆ ಹೋಲಿಸಿ ನೋಡಬೇಕು.

ಲೆಕ್ಕ ಹಿಂಗ ಹಾಕ್ರಿ

ಇಲ್ಲಿಯ ಅಂಕಿ ಬರೇ ಉದಾಹರಣೆಗೆ. ನಿಮ್ಮ ಅಂಕಿ ಹಾಕಿಕೊಳ್ಳಿ. ಟ್ರ್ಯಾಕ್ಟರ್ ಕೂರಿಗಿ 70,000ಕ್ಕೆ ಬುಕ್ ಆಗಿತ್ತು, ಮುಂಗಡ 20,000. ಒಂದು ತಿಂಗಳಿಗೆ ಕೊಡ್ತೀವಿ ಅಂದದ್ದು ನಾಲ್ಕು ತಿಂಗಳಿಗೆ ಬಂತು. ಬಂದದ್ದು ಹೊಸ ಮಾಡೆಲ್, ಅದರ ಇವತ್ತಿನ ದರ 82,000. ವ್ಯತ್ಯಾಸ 12,000.

ಮೊದಲ ಕೆಲಸ, ಈ 12,000 ಒಡೆಯೋದು. ಕಂಪನಿಯ ದರಪಟ್ಟಿ ನೋಡಿದರೆ ಬೀಜ ಬೀಳುವ ಹೊಸ ವ್ಯವಸ್ಥೆಯ ಸಲುವಾಗಿ 8,000, ಉಳಿದ 4,000 ಕಬ್ಬಿಣ, ಸಾಗಾಣಿಕೆ ತುಟ್ಟಿ ಆದದ್ದಕ್ಕೆ ಅಂತ ಇಟ್ಟುಕೊಳ್ಳೋಣ. ಹೇಳಿದ ದಿನಕ್ಕೆ ಕೊಟ್ಟಿದ್ದರೆ ಈ 4,000 ಬರುತ್ತಲೇ ಇರಲಿಲ್ಲ. ತಡ ರೈತನಿಂದ ಆಗಿಲ್ಲ, ಹಿಂಗಾಗಿ ಅದು ಅವನದಲ್ಲ.

ಎರಡನೆಯದು, ಸುಧಾರಣೆಯ 8,000. ರೈತ ಕೇಳಿ ಪಡೆದದ್ದಲ್ಲ, ಆದರೆ ಉಪಯೋಗ ಅವನಿಗೂ ಐತಿ. ಅರ್ಧ-ಅರ್ಧ ಹಂಚಿಕೊಂಡರೆ ಅವನ ಪಾಲು 4,000.

ಮೂರನೆಯದು, ತಡದ ಲೆಕ್ಕ. 20,000ಕ್ಕೆ ವರ್ಷಕ್ಕೆ ಶೇ 12ರಂತೆ ಮೂರು ತಿಂಗಳ ಬಡ್ಡಿ 600. ಐದು ಎಕರೆ ಬಾಡಿಗಿ ಬಿತ್ತನೆ ಎಕರೆಗೆ 1,000ರಂತೆ 5,000. ಸ್ವಂತ ಯಂತ್ರ ಇದ್ದರೂ ಡೀಸೆಲ್, ಆಳಿನ ಖರ್ಚು ಇದ್ದೇ ಇತ್ತು, ಅದಕ್ಕೆ ಅರ್ಧ ಹಿಡಿದರೆ 2,500. ಒಟ್ಟು 3,100 ಕಳೆಯಬೇಕು.

ಆಗ ರೈತ ಕೊಡಬೇಕಾದದ್ದು 70,000 ಕೂಡಿಸು 4,000 ಕಳೆ 3,100, ಅಂದ್ರೆ 70,900. ಇವತ್ತು ಬಂದ ಹೊಸ ಗಿರಾಕಿಗೆ 82,000. ಅವನು ಕಾದಿಲ್ಲ, ಹಳೆ ದರದ ಮಾತೂ ಅವನಿಗೆ ಆಗಿಲ್ಲ.

ಈ ದರಕ್ಕೆ ‘ರಿಯಾಯಿತಿ’ ಅನ್ನಬ್ಯಾಡ್ರಿ. ರಿಯಾಯಿತಿ ಮಾಲಕನ ಮನಸ್ಸಿಗೆ ಬಿಟ್ಟದ್ದು. ಇದು ಕೊಟ್ಟ ಮಾತಿನ ಬೆಲೆ. ಮೂರು ಯಂತ್ರ ಕೊಂಡ ಹಳೆ ಗಿರಾಕಿ ಅಂತ ಒಂದು ಸರ್ವಿಸ್ ಪುಕ್ಕಟೆ ಕೊಟ್ಟರೆ, ಅದು ರಿಯಾಯಿತಿ, ಇದರ ಮೇಲೆ ಪ್ರತ್ಯೇಕ.

ರೈತನಿಗೆ ಆಯ್ಕೆಯೂ ಇರಬೇಕು: ಹಳೆ ಮಾಡೆಲ್ ಎಲ್ಲಾದರೂ ಉಳಿದಿದ್ದರೆ ಹಳೆ ದರಕ್ಕೆ ತರಿಸಿಕೊಡೋದು, ಹೊಸ ಮಾಡೆಲ್ ಮೇಲಿನ ಲೆಕ್ಕದಂತೆ, ಎರಡೂ ಬ್ಯಾಡಾದರೆ ಬಡ್ಡಿ ಸಮೇತ ಮುಂಗಡ ವಾಪಸ್.

ಡೀಲರ್ ಮಾತನ್ನೂ ಕೇಳೋಣ

“ನಮಗ ಕಂಪನಿಯವ್ರು ಹೊಸ ರೇಟಿಗೇ ಬಿಲ್ ಮಾಡ್ತಾರ್ರೀ ಸರ, ನಾವ್ ಎಲ್ಲಿಂದ ತಂದು ತುಂಬೂದು?” ಈ ಮಾತೂ ಸುಳ್ಳಲ್ಲ. ತಾಲೂಕು ಮಟ್ಟದ ಡೀಲರಿನ ಲಾಭ ತೆಳುವು. ತಡ ಕಂಪನಿಯದಾದರೆ ಭಾರ ಹೊರಬೇಕಾದದ್ದೂ ಕಂಪನಿ. ಅದಕ್ಕೆ ಡೀಲರುಗಳು ಪ್ರತಿ ಬುಕಿಂಗನ್ನೂ ಬಂದ ದಿನವೇ ಕಂಪನಿಗೆ ಬರೆದು ಕಳಿಸಿ, ಆ ದಿನದ ದರ ಹಿಡಿದಿಡಬೇಕು. ಬರವಣಿಗೆ ಇದ್ದರೆ ಕೇಳಲಿಕ್ಕೆ ಬಾಯಿ ಬರತೈತಿ.

ದೊಡ್ಡ ಕಂಪನಿಗಳಿಗೆ ಇದು ಆಗದ ಕೆಲಸವಲ್ಲ. 2021ರಲ್ಲಿ ಮಹೀಂದ್ರಾ ಕಂಪನಿ ಎಕ್ಸ್‌ಯುವಿ 700 ಕಾರಿನ ಮೊದಲ 25,000 ಬುಕಿಂಗಿಗೆ ಆರಂಭದ ದರ ಅಂತ ಮೊದಲೇ ಹೇಳಿತ್ತು. ಆಮೇಲಿನವರಿಗೆ ಹೆಚ್ಚಿನ ದರ. ಗೆರೆ ಎಲ್ಲಿ ಐತಿ ಅಂತ ಎಲ್ಲರಿಗೂ ಗೊತ್ತಿತ್ತು. ಅಮೆರಿಕದಲ್ಲಿ 2007ರಲ್ಲಿ ಆಪಲ್ ಕಂಪನಿ 599 ಡಾಲರಿನ ಐಫೋನನ್ನು ಎರಡೇ ತಿಂಗಳಲ್ಲಿ 399ಕ್ಕೆ ಇಳಿಸಿತು. ಮೊದಲೇ ನಂಬಿ ಕೊಂಡವರು ಸಿಟ್ಟಿಗೆದ್ದರು. ಮರುದಿನವೇ ಸ್ಟೀವ್ ಜಾಬ್ಸ್ ಅವರಿಗೆಲ್ಲ ಅಂಗಡಿಯಲ್ಲಿ ಬಳಸಲು 100 ಡಾಲರ್ ಜಮಾ ಘೋಷಿಸಿದರು. ನಂಬಿದ ಗಿರಾಕಿ ಕೈ ತಪ್ಪಿದರೆ ಏನಾಗತೈತಿ ಅನ್ನೋದು ಅಲ್ಲಿಯೂ ಗೊತ್ತು, ಬೈಲಹೊಂಗಲ ಬಜಾರದಾಗೂ ಗೊತ್ತು. ಒಬ್ಬ ರೈತ ಮುನಿಸಿಕೊಂಡರೆ ಊರಿನ ಕಟ್ಟಿ ಮ್ಯಾಲೆ ಹತ್ತು ಮಂದಿಗೆ ಸುದ್ದಿ.

ರೈತರೂ ಒಂದು ಮಾತು ನೆನಪಿಡಬೇಕು. ಮೂರು ಅಂಗಡಿಯಾಗ ಬುಕ್ ಮಾಡಿ, ಮೊದಲು ಬಂದದ್ದು ಒಯ್ದು, ಉಳಿದೆರಡು ಕಡೆ “ಬ್ಯಾಡ್ರಿ” ಅನ್ನೋದು ನಿಜವಾಗಿ ಬೇಕಾದವನ ಪಾಳಿ ಕೆಡಿಸತೈತಿ. ಹಂಗೆ ಬಿಟ್ಟಾಗ ಡೀಲರಿಗೆ ಆದ ಖರೇ ಖರ್ಚು ಮುರಿದುಕೊಂಡರೆ ತಕರಾರು ಮಾಡಬಾರದು.

ಸಹಾಯಧನ, ಸಾಲ ಇದ್ದರೆ ಹುಷಾರ್

ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 90ರವರೆಗೆ ಸಹಾಯಧನ ಮಿತಿಗೊಳಪಟ್ಟು ಸಿಗತೈತಿ. ಅದು ಇಲಾಖೆ ಒಪ್ಪಿದ ಯಂತ್ರಕ್ಕೆ ಮಾತ್ರ. ಮಾಡೆಲ್ ಬದಲಾಯಿತು ಅಂದ ಕೂಡಲೇ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಹೊಸ ಮಾಡೆಲ್ ಪಟ್ಟಿಯಲ್ಲಿ ಐತೇನು ಅಂತ ಕೇಳಿ, ಆಮೇಲೆ ಉಳಿದ ರೊಕ್ಕ ಕಟ್ಟಿ.

ಬ್ಯಾಂಕ್ ಸಾಲ ಮಂಜೂರಾಗೋದು ಹಳೆ ಕೊಟೇಶನ್ ಮೇಲೆ. ದರ ಏರಿದರೆ ಮೇಲಿನ ರೊಕ್ಕ ನಿಮ್ಮ ಕಿಸೆಯಿಂದ ಹೋಗತೈತಿ. ಯಂತ್ರ ಕೈಗೆ ಬರುವ ಮೊದಲೇ ಸಾಲದ ಹಣ ಡೀಲರ್ ಖಾತೆಗೆ ಹೋದರೆ ಬಡ್ಡಿ ಅಂದಿನಿಂದಲೇ ಓಡಲು ಶುರು. ಹಳೆ ಟ್ರ್ಯಾಕ್ಟರ್ ಬದಲಿಗೆ ಕೊಡುವವರು ಹೊಸದು ಬರುವ ತನಕ ಹಳೆಯದನ್ನು ಬಿಟ್ಟುಕೊಡಬ್ಯಾಡ್ರಿ. ಅದಕ್ಕೆ ಕಟ್ಟಿದ ಬೆಲೆ ಎಲ್ಲಿವರೆಗೆ ನಡೆಯತೈತಿ ಅಂತ ಬರೆಸಿಕೊಳ್ರಿ.

ಬುಕಿಂಗ್ ಚೀಟಿಯಲ್ಲಿ ಇರಬೇಕಾದದ್ದು

• ಮಾಡೆಲ್ಲಿನ ಪೂರ್ತಿ ಹೆಸರು, ತಯಾರಾದ ವರ್ಷ, ಜೊತೆಗೆ ಕೊಡುವ ಸಾಮಾನು
• ತೆರಿಗೆ ಬಿಟ್ಟ ಬೆಲೆ, ತೆರಿಗೆ, ನೋಂದಣಿ, ವಿಮೆ ಬೇರೆ ಬೇರೆ
• ಬುಕ್ ಮಾಡಿದ ತಾರೀಖು, ಪಾಳಿ ನಂಬರ್, ಕೊಡುವ ಕೊನೆಯ ತಾರೀಖು
• ತಡವಾದರೆ ಏನು, ಮಾಡೆಲ್ ಬದಲಾದರೆ ಏನು, ಬಿಟ್ಟರೆ ಎಷ್ಟು ಮುರಿತಾರೆ

“ಡೆಲಿವರಿ ದಿನದ ದರ ಅನ್ವಯ” ಅಂತ ಸಣ್ಣ ಅಕ್ಷರದಲ್ಲಿ ಅಚ್ಚಾಗಿರೋದು ಸಾಮಾನ್ಯ. ಸಹಿ ಹಾಕುವ ಮೊದಲು ಅದರ ಮಗ್ಗಲಕ್ಕ “ಕೊನೆಯ ತಾರೀಖು ದಾಟಿದರೆ ಬುಕಿಂಗ್ ದಿನದ ದರ” ಅಂತ ಬರೆಸಿ ಶಿಕ್ಕಾ ಹೊಡೆಸ್ರಿ. ಮುಂಗಡವನ್ನು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಟ್ಟು ಪಾವತಿ ಇಸ್ಕೊಳ್ರಿ.

ಮಾತಿಗೆ ಬಗ್ಗದಿದ್ದರೆ

ಮೊದಲು ಡೀಲರಿಗೂ ಕಂಪನಿಗೂ ಬರೆದು ಕೊಡಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲಿಯೂ ಆಗದಿದ್ದರೆ ಬೆಳಗಾವಿಯ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂಗಡಿ ಧಾರವಾಡದಲ್ಲಿದ್ದರೂ ರಾಮದುರ್ಗದವರು ಬೆಳಗಾವಿಗೆ ಹೋದರೆ ಸಾಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಯಂತ್ರ ಕೊಂಡ ರೈತ ಕಾನೂನಿನ ಕಣ್ಣಲ್ಲಿ ಗ್ರಾಹಕನೇ.

ಆದರೆ ನಾಲ್ಕು ತಾಲೂಕಿನ ಅನುಭವ ಹೇಳೋದು, ಮುಕ್ಕಾಲು ಪಾಲು ಜಗಳ ಆಯೋಗದ ತನಕ ಹೋಗಬೇಕಾಗಿಲ್ಲ. 12,000 ವ್ಯತ್ಯಾಸವನ್ನು ಹಾಳೆ ಮ್ಯಾಲೆ ಒಡೆದು, ಇದು ತುಟ್ಟಿದ್ದು, ಇದು ಸುಧಾರಣೆದ್ದು, ಇದು ನಾ ಕಾದದ್ದರದು ಅಂತ ಮೂರು ಸಾಲು ಬರೆದು ಟೇಬಲ್ ಮ್ಯಾಲೆ ಇಡ್ರಿ. ಹಳೆ ಗಿರಾಕಿಯನ್ನು ಕಳಕೊಳ್ಳಬಾರದು ಅನ್ನೋ ಡೀಲರ್ ಆ ಹಾಳೆ ಓದಿಯೇ ಓದ್ತಾನ. ಓದದ ಡೀಲರ್ ಹತ್ತಿರ ನಾಲ್ಕನೇ ಯಂತ್ರ ಬುಕ್ ಮಾಡೋ ಮುಂದ ವಿಚಾರ ಮಾಡ್ರಿ.