ಗೊತ್ತಿದ್ದವರಿಗೆ ಗುಟ್ಟಲ್ಲ

“ದೊಡ್ಡಮ್ಮ, ಅವಳಿಗೆ ಹ್ಯಾಕಿಂಗ್ ಗೀಕಿಂಗ್ ಏನೂ ಬರಲ್ಲ. ಟ್ಯಾಲಿ ಬಿಟ್ರೆ ಕಂಪ್ಯೂಟರಲ್ಲಿ ಬೇರೇನೂ ಕಲಿತವಳಲ್ಲ. ಮತ್ತೆ ನನ್ನ ಮೇಲ್ ಹೇಗೆ ಓದ್ತಾಳೆ?”

ತಂಗಿಯ ಮಗಳು ಈ ಪ್ರಶ್ನೆ ಹೊತ್ತು ಬಂದಾಗ ಮೂರು ದಿನದಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ‘ಅವಳು’ ಎಂದರೆ ಬೆಂಗಳೂರಿನ ಬಾಡಿಗೆ ರೂಮಿನಲ್ಲಿ ಎರಡು ವರ್ಷ ಜೊತೆಗಿದ್ದ ಗೆಳತಿ. ಒಂದೇ ಕುಕ್ಕರಿನ ಅನ್ನ, ಒಂದೇ ಚಾರ್ಜರು. ಕೈಸಾಲದ ಮಾತಿಗೆ ಜಗಳವಾಗಿ ರೂಮು ಬಿಡುವಾಗ “ನಿನ್ನನ್ನ ಸುಮ್ಮನೆ ಬಿಡಲ್ಲ” ಎಂದು ಹೇಳಿಹೋದಳಂತೆ. ಅಂದಿನಿಂದ ನಡುರಾತ್ರಿ ಇವಳ ಫೋನಿಗೆ ತಾನು ಕೇಳದ ಓಟಿಪಿಗಳು ಬರತೊಡಗಿದವು. ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದನ್ನು ಇವಳು ಮನೆಯಲ್ಲೂ ಹೇಳಿರಲಿಲ್ಲ. ಆ ಸುದ್ದಿ ಗೆಳತಿಯ ಬಾಯಿಂದ ಮೂರನೆಯವರಿಗೆ ಮುಟ್ಟಿತ್ತು.

ಹ್ಯಾಕರ್ ಎಂದರೆ ದೂರದ ದೇಶದಲ್ಲಿ ಕೂತ ಅಪರಿಚಿತ ಎಂದೇ ನಾವು ತಿಳಿದಿದ್ದೇವೆ. ಪಾಸ್‌ವರ್ಡ್ ವ್ಯವಸ್ಥೆಗಳನ್ನು ಕಟ್ಟಿದವರೂ ಬಹುಕಾಲ ಅಂಥವನನ್ನೇ ಎದುರಿಗಿಟ್ಟುಕೊಂಡು ಲೆಕ್ಕ ಹಾಕಿದರು. ಜೊತೆಯಲ್ಲಿ ಉಂಡು ಮಲಗಿದವರು ಎದುರಾಳಿಯಾದರೆ ಆ ಲೆಕ್ಕ ತಲೆಕೆಳಗಾಗುತ್ತದೆ. 2018ರಲ್ಲಿ ನ್ಯೂಯಾರ್ಕಿನ ಕಾರ್ನೆಲ್ ಟೆಕ್ ಸಂಸ್ಥೆಯ ಡಯಾನಾ ಫ್ರೀಡ್, ನಿಕೋಲಾ ಡೆಲ್, ಥಾಮಸ್ ರಿಸ್ಟನ್‌ಪಾರ್ಟ್ ಮತ್ತು ಸಂಗಡಿಗರು, ಸಂಗಾತಿಯಿಂದ ಕಿರುಕುಳ ಅನುಭವಿಸಿದವರು ಹಾಗೂ ಅಂಥವರಿಗೆ ನೆರವಾಗುವವರು ಸೇರಿ 89 ಮಂದಿಯನ್ನು ಮಾತಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಕಿರುಕುಳ ಕೊಟ್ಟವರಲ್ಲಿ ಹೆಚ್ಚಿನವರಿಗೆ ವಿಶೇಷ ತಂತ್ರಜ್ಞಾನ ಏನೂ ಗೊತ್ತಿರಲಿಲ್ಲ. ನಾವು ನೀವು ಒತ್ತುವ ಅದೇ ಗುಂಡಿ, ಅದೇ ಪರದೆ, ಅದೇ ‘ಪಾಸ್‌ವರ್ಡ್ ಮರೆತಿರಾ?’ ಎಂಬ ಸಾಲು, ಇಷ್ಟೇ ಅವರ ಬಂಡವಾಳ. ಉಳಿದದ್ದನ್ನು ಪರಿಚಯ ಪೂರೈಸಿತ್ತು. ತಂಗಿಯ ಮಗಳ ಪ್ರಶ್ನೆಗೆ ಉತ್ತರದ ಅರ್ಧ ಇಲ್ಲಿದೆ.

ಇನ್ನರ್ಧಕ್ಕೆ ಗುಟ್ಟು ಎಂದರೇನು ಎಂದು ಕೇಳಿಕೊಳ್ಳಬೇಕು. ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿಯನ್ನು ಅಳೆಯುವ ಗಣಿತ ಕೊಟ್ಟಾಗ ಅದರ ಮೂಲದಲ್ಲಿದ್ದದ್ದು ಅನಿಶ್ಚಯ: ಒಂದು ಉತ್ತರ ಕೇಳಿದವನಿಗೆ ಎಷ್ಟು ಅನಿರೀಕ್ಷಿತವೋ ಅದರಲ್ಲಿ ಅಷ್ಟು ಮಾಹಿತಿ. ಹೌದು ಅಥವಾ ಅಲ್ಲ ಎಂಬ ಒಂದು ಉತ್ತರ ಒಂದು ಬಿಟ್. ನೀವು ಕರ್ನಾಟಕದವರು ಎಂದಷ್ಟೇ ತಿಳಿದವನು ನಿಮ್ಮ ಜಿಲ್ಲೆ ಯಾವುದೆಂದು ಊಹಿಸಬೇಕು ಎನ್ನಿ. ಇರುವುದು 31 ಜಿಲ್ಲೆ. ಪ್ರತಿ ಪ್ರಶ್ನೆಗೂ ಅರ್ಧರ್ಧ ಕಳೆಯುತ್ತ ಹೋದರೆ ಐದು ಪ್ರಶ್ನೆಯಲ್ಲಿ ಸಿಕ್ಕಿಬೀಳುತ್ತದೆ. ರಾಜ್ಯದ ಸುಮಾರು 29 ಸಾವಿರ ಹಳ್ಳಿಗಳಲ್ಲಿ ನಿಮ್ಮದು ಯಾವುದು ಎಂದರೆ ಹದಿನೈದು ಪ್ರಶ್ನೆ ಬೇಕು. ನಿಮ್ಮ ಜೊತೆ ದಸರಾ ರಜೆಗೆ ನಿಮ್ಮೂರಿಗೆ ಬಂದು, ನಿಮ್ಮಮ್ಮನ ಕೈಯ ಕಡುಬು ತಿಂದ ಗೆಳತಿಗೆ ಎಷ್ಟು ಬೇಕು? ಒಂದೂ ಬೇಡ. ಅದೇ ಊರಿನ ಹೆಸರು ಒಬ್ಬನಿಗೆ ಹದಿನೈದು ಬಿಟ್, ಇನ್ನೊಬ್ಬಳಿಗೆ ಸೊನ್ನೆ. ಯಾರಿಂದ ಮುಚ್ಚಿಡಬೇಕು ಎಂದು ಹೇಳದೆ ಒಂದು ಪಾಸ್‌ವರ್ಡು ಗಟ್ಟಿಯೋ ಸಡಿಲವೋ ಎಂದು ಹೇಳಲು ಬರುವುದಿಲ್ಲ.

ಇದನ್ನು ಅಳೆದು ನೋಡಿದವರಿದ್ದಾರೆ. ಖಾತೆಯ ಪಾಸ್‌ವರ್ಡ್ ಮರೆತಾಗ ಕೇಳುವ ‘ಗುಟ್ಟಿನ ಪ್ರಶ್ನೆ’ಗಳನ್ನು 2009ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆಗೆ ಒಡ್ಡಿದರು. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಅಂಶ: ‘ಇವರಿಗೆ ನನ್ನ ಪಾಸ್‌ವರ್ಡ್ ಹೇಳಲಾರೆ’ ಎಂದು ಭಾಗಿಗಳು ಸ್ವತಃ ಗುರುತಿಸಿದ ಪರಿಚಿತರ ಊಹೆಗಳನ್ನು ಅವರು ಬೇರೆಯಾಗಿ ಎಣಿಸಿದರು. ಅಂಥ ಪರಿಚಿತರೂ ಶೇ 17ರಷ್ಟು ಉತ್ತರಗಳನ್ನು ಸರಿಯಾಗಿ ಊಹಿಸಿದರು. ಖಾತೆಯ ಒಡೆಯರೋ, ಆರು ತಿಂಗಳೊಳಗೆ ತಮ್ಮದೇ ಉತ್ತರಗಳಲ್ಲಿ ಶೇ 20ರಷ್ಟನ್ನು ಮರೆತಿದ್ದರು. ಅದಕ್ಕೆ ಒಂದು ವರ್ಷ ಮೊದಲು, 2008ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಉಪಾಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದ ಸಾರಾ ಪೇಲಿನ್ ಅವರ ಯಾಹೂ ಖಾತೆಯನ್ನು ಒಬ್ಬ ಕಾಲೇಜು ವಿದ್ಯಾರ್ಥಿ ತೆರೆದದ್ದೂ ಇದೇ ದಾರಿಯಿಂದ. ಹುಟ್ಟಿದ ದಿನ, ಊರಿನ ಪಿನ್‌ಕೋಡ್, ಗಂಡನನ್ನು ಮೊದಲು ಕಂಡದ್ದೆಲ್ಲಿ ಎಂಬ ಉತ್ತರ, ಇವಿಷ್ಟು ಸಾಕಾಯಿತು. ಪ್ರಸಿದ್ಧರ ಬದುಕು ಊರಿಗೆಲ್ಲ ತೆರೆದ ಪುಸ್ತಕ. ನಮ್ಮ ನಿಮ್ಮ ಬದುಕು ಗೆಳೆಯರಿಗೆ ಅಷ್ಟೇ ತೆರೆದಿರುತ್ತದೆ. ನಮ್ಮಲ್ಲಂತೂ ಊರು ಹೆಸರಿನ ಮುಂದೆ ಇನಿಷಿಯಲ್ಲಾಗಿ ಕೂತಿರುತ್ತದೆ, ಮನೆದೇವರ ಹೆಸರು ಗಾಡಿಯ ಮೇಲೆ ಬರೆದಿರುತ್ತದೆ. ಆ ಮನೆದೇವರ ಹೆಸರಿಗೆ ಹುಟ್ಟಿದ ಇಸವಿ ಜೋಡಿಸಿ ಪಾಸ್‌ವರ್ಡ್ ಮಾಡಿಕೊಂಡವರು ಎಷ್ಟು ಮಂದಿ ಎಂದು ಓದುಗರು ತಮ್ಮ ಮನೆಯಲ್ಲೇ ಒಮ್ಮೆ ಕೇಳಿ ನೋಡಬಹುದು.

ತಿಳಿದದ್ದರ ಜೊತೆಗೆ ಕಂಡದ್ದೂ ಸೇರುತ್ತದೆ. 2017ರಲ್ಲಿ ಅಮೆರಿಕದ ಸಂಶೋಧಕರು ಫೋನ್ ಅನ್‌ಲಾಕ್ ಮಾಡುವ ದೃಶ್ಯ ತೋರಿಸಿ, ನೋಡಿದ್ದನ್ನು ಮರಳಿ ಮಾಡಿ ಎಂದರು. ಆರು ಚುಕ್ಕಿಯ ಗೆರೆವಿನ್ಯಾಸವನ್ನು ಒಂದೇ ಸಲ ಕಂಡವರಲ್ಲಿ ಶೇ 64ರಷ್ಟು ಮಂದಿ ತಪ್ಪಿಲ್ಲದೆ ಎಳೆದರು. ಆರು ಅಂಕಿಯ ಪಿನ್ ಆದರೆ ಶೇ 11 ಮಂದಿಗೆ ಮಾತ್ರ ಸಾಧ್ಯವಾಯಿತು. ನಮ್ಮ ಕಣ್ಣು ರಂಗೋಲಿಯನ್ನು ಹಿಡಿದಷ್ಟು ಸುಲಭವಾಗಿ ಅಂಕಿಯನ್ನು ಹಿಡಿಯುವುದಿಲ್ಲ. ಎರಡು ವರ್ಷ ಪಕ್ಕದಲ್ಲಿ ಕೂತವಳು ಎಷ್ಟು ಸಲ ಕಂಡಿರಬಹುದು!

ಆದರೂ ನನ್ನ ಅನುಭವದಲ್ಲಿ ಇಂಥ ಪ್ರಕರಣಗಳ ದೊಡ್ಡ ಪಾಲು ಊಹೆಯದ್ದೂ ಅಲ್ಲ, ಕದ್ದು ನೋಡಿದ್ದೂ ಅಲ್ಲ. ಎದುರಾಳಿ ಎಂದೋ ಒಳಗೆ ಬಂದಿರುತ್ತಾರೆ, ಹೊರಗೆ ಹೋಗಿರುವುದೇ ಇಲ್ಲ. ನೀವು ಒಮ್ಮೆ ಲಾಗಿನ್ ಆದಾಗ ಸರ್ವರ್ ನಿಮ್ಮ ಬ್ರೌಸರಿಗೆ ಒಂದು ಉದ್ದನೆಯ ಗುರುತುಚೀಟಿ ಕೊಡುತ್ತದೆ. ಮುಂದೆ ಪ್ರತಿ ಪುಟಕ್ಕೂ ಅದು ಆ ಚೀಟಿಯನ್ನು ನೋಡುತ್ತದೆ, ಪಾಸ್‌ವರ್ಡನ್ನು ಕೇಳುವುದಿಲ್ಲ. ಕೆಎಸ್‌ಆರ್‌ಟಿಸಿ ತಿಂಗಳ ಪಾಸಿನಂತೆ. ನಿಮ್ಮ ಮನೆಯ ಬೀಗ ಬದಲಾಯಿಸಿದ್ದು ಕಂಡಕ್ಟರಿಗೆ ಸಂಬಂಧವಿಲ್ಲ. ಪಾಸ್‌ವರ್ಡ್ ಬದಲಿಸಿದರೆ ಕೆಲವು ಸೇವೆಗಳಲ್ಲಿ ಹಳೆಯ ಚೀಟಿಗಳು ತಾವಾಗಿ ರದ್ದಾಗುತ್ತವೆ, ಕೆಲವುಗಳಲ್ಲಿ ಆಗುವುದಿಲ್ಲ. ವಾಟ್ಸಾಪನ್ನು ಫೋನಿನ ಜೊತೆಗೆ ಇನ್ನೂ ನಾಲ್ಕು ಸಾಧನಗಳಿಗೆ ಜೋಡಿಸಬಹುದು. ಫೋನಿನ ಲಾಕ್ ಗೊತ್ತಿದ್ದವರಿಗೆ ನೀವು ಸ್ನಾನಕ್ಕೆ ಹೋದ ಹೊತ್ತು ಸಾಕು. ಮೇಲ್ ಖಾತೆಯಲ್ಲಿ ಬಂದದ್ದನ್ನೆಲ್ಲ ಇನ್ನೊಂದು ವಿಳಾಸಕ್ಕೆ ನಕಲು ಕಳಿಸು ಎಂದು ಯಾರಾದರೂ ಕಟ್ಟಳೆ ಬರೆದಿಟ್ಟಿದ್ದರೆ, ನೀವು ಹತ್ತು ಸಲ ಪಾಸ್‌ವರ್ಡ್ ಬದಲಿಸಿದರೂ ನಕಲು ಹೋಗುತ್ತಲೇ ಇರುತ್ತದೆ.

ತಂಗಿಯ ಮಗಳ ಮೇಲ್ ಖಾತೆಯ ಭದ್ರತಾ ಪುಟ ತೆರೆದಾಗ ನಾವು ಕಂಡದ್ದು ಇದಕ್ಕಿಂತ ಸರಳವಾಗಿತ್ತು. ಖಾತೆ ಕೈತಪ್ಪಿದರೆ ಮರಳಿ ಪಡೆಯಲು ಕೊಡುವ ಬದಲಿ ವಿಳಾಸ ಆ ಗೆಳತಿಯದೇ. ಕಾಲೇಜಿನ ಮೊದಲ ವರ್ಷ ಫಾರಂ ತುಂಬುವಾಗ ಬೇರೆ ವಿಳಾಸ ಇಲ್ಲದೆ ಇವಳೇ ನಂಬಿ ಕೊಟ್ಟಿದ್ದಳು. ಕೆಳಗೆ ಲಾಗಿನ್ ಆದ ಸಾಧನಗಳ ಪಟ್ಟಿಯಲ್ಲಿ ಇವಳದಲ್ಲದ ಒಂದು ಫೋನು. ಹುಡುಗಿ ಅದನ್ನು ನೋಡಿ ಮಾತಿಲ್ಲದೆ ಕೂತುಬಿಟ್ಟಳು. ನಂಬಿಕೆ ಇಟ್ಟದ್ದು ತಪ್ಪಲ್ಲ ಕಣೇ ಎಂದು ನಾನು ಹೇಳಿದೆ. ಈಗಲೂ ಹಾಗೇ ನಂಬಿದ್ದೇನೆ.

ಕೂಡಲೇ ಆ ಫೋನನ್ನು ಹೊರದಬ್ಬಲು ಅವಳು ಬೆರಳೆತ್ತಿದಳು. ನಾನು ತಡೆದೆ. ಮೊದಲು ಸ್ಕ್ರೀನ್‌ಶಾಟ್. ಸಾಧನದ ಹೆಸರು, ದಿನಾಂಕ, ಸಮಯ, ಬದಲಿ ವಿಳಾಸ, ಬೆದರಿಕೆಯ ಸಂದೇಶ ಎಲ್ಲವೂ. ಹೊರಹಾಕಿದ ಮೇಲೆ ಆ ಸಾಲು ಪಟ್ಟಿಯಿಂದ ಮಾಯವಾಗಬಹುದು, ಪೊಲೀಸರ ಮುಂದೆ ಇಡಲು ಏನೂ ಉಳಿಯುವುದಿಲ್ಲ. ಇನ್ನೊಂದು ಕಾರಣವೂ ಇದೆ. ಒಳಗಿದ್ದವರಿಗೆ ಬಾಗಿಲು ಮುಚ್ಚಿದ್ದು ತಕ್ಷಣ ತಿಳಿಯುತ್ತದೆ, ಸಿಟ್ಟು ಬೇರೆ ಕಡೆ ತಿರುಗುತ್ತದೆ. ಎದುರಿನವರು ಕೈ ಮಾಡುವಂಥವರಾದರೆ ಮನೆಯವರಿಗೆ ತಿಳಿಸಿ, ಜೊತೆಗೆ ಯಾರಾದರೂ ಇರುವಾಗಲೇ ಈ ಕೆಲಸಕ್ಕೆ ಕೈಹಾಕಬೇಕು. ಆಮೇಲೆ, ಗೆಳತಿ ಎಂದೂ ಮುಟ್ಟದ ನನ್ನ ಲ್ಯಾಪ್‌ಟಾಪಿನಲ್ಲಿ ಕೂತು ಮೊದಲು ಮೇಲ್ ಸರಿಪಡಿಸಿದೆವು. ಬ್ಯಾಂಕು, ಇನ್‌ಸ್ಟಾಗ್ರಾಂ ಎಲ್ಲದರ ಪಾಸ್‌ವರ್ಡ್ ಮರೆತ ಪತ್ರ ಬಂದು ಬೀಳುವುದು ಅಲ್ಲಿಗೇ. ಬದಲಿ ವಿಳಾಸ, ಬದಲಿ ಫೋನ್ ನಂಬರ್, ನಕಲು ಕಳಿಸುವ ಕಟ್ಟಳೆಗಳು, ಹಳೆಯ ಲಾಗಿನ್‌ಗಳು, ಎಲ್ಲ ಆದ ಮೇಲೆ ಹೊಸ ಪಾಸ್‌ವರ್ಡ್. ಅದನ್ನು ಅವಳು ಯೋಚಿಸಿ ಹುಟ್ಟಿಸಲಿಲ್ಲ, ಪಾಸ್‌ವರ್ಡ್ ಮ್ಯಾನೇಜರ್ ಹುಟ್ಟಿಸಿತು.

ಯಂತ್ರ ಆರಿಸಿದ್ದಕ್ಕೆ ಇಲ್ಲಿ ವಿಶೇಷ ಬೆಲೆಯಿದೆ. ಆರು ಅಂಕಿಯ ಓಟಿಪಿಗೆ ಹತ್ತು ಲಕ್ಷ ಸಾಧ್ಯತೆ, ಅಂದರೆ ಸುಮಾರು ಇಪ್ಪತ್ತು ಬಿಟ್. ಅದು ಅಪರಿಚಿತನಿಗೂ ಇಪ್ಪತ್ತು, ಪ್ರಾಣದ ಗೆಳತಿಗೂ ಇಪ್ಪತ್ತು. ನಿಮ್ಮ ಬಾಲ್ಯ, ಮನೆದೇವರು, ಮೊದಲ ಪ್ರೇಮ ಯಾವುದರಿಂದಲೂ ಅದು ಹುಟ್ಟಿದ್ದಲ್ಲ. ಐದು ಸಲಕ್ಕೆ ಅವಕಾಶ ಮುಗಿದರೆ ಊಹಿಸಿ ಗೆಲ್ಲುವ ಸಾಧ್ಯತೆ ಎರಡು ಲಕ್ಷಕ್ಕೆ ಒಂದು. ಹಾಗಾಗಿ ನಡುರಾತ್ರಿ ಬಂದ ಓಟಿಪಿ ನೋಡಿ ಎದೆ ಹೊಡೆದುಕೊಳ್ಳಬೇಕಿಲ್ಲ. ಯಾರೋ ಬಾಗಿಲು ತಟ್ಟಿದ್ದಾರೆ, ಆ ಬಾಗಿಲು ಇನ್ನೂ ಮುಚ್ಚಿದೆ ಎಂದು ಅದರ ಅರ್ಥ. ಯಾರಿಗೂ ಹೇಳದಿದ್ದರೆ ಸಾಕು. ಆದರೆ ಎಸ್‌ಎಂಎಸ್ ಓಟಿಪಿ ಲಾಕ್ ಆದ ಪರದೆಯ ಮೇಲೂ ಕಾಣುತ್ತದೆ, ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ಅಲ್ಲಿಗೂ ಬರುತ್ತದೆ. ಪರದೆಯ ಮೇಲಿನ ಮುನ್ನೋಟ ಮುಚ್ಚಿ, ಸಿಮ್ಮಿಗೇ ಪಿನ್ ಹಾಕಿದರೆ ಈ ಎರಡು ಕಿಂಡಿಯೂ ಮುಚ್ಚುತ್ತವೆ.

ಇದಕ್ಕಿಂತ ಚೆನ್ನಾದದ್ದು ಫೋನಿನೊಳಗೇ ಸಂಖ್ಯೆ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪ್. ಶುರುವಿನಲ್ಲಿ ಕ್ಯೂಆರ್ ಚೌಕ ಸ್ಕ್ಯಾನ್ ಮಾಡುತ್ತೇವಲ್ಲ, ಅದರಲ್ಲಿ ಸರ್ವರ್ ಮತ್ತು ನಿಮ್ಮ ಫೋನು ಮಾತ್ರ ಹಂಚಿಕೊಳ್ಳುವ ಒಂದು ಗುಟ್ಟಿದೆ. 1970ರ ಜನವರಿ 1ರಿಂದ ಈವರೆಗೆ ಎಷ್ಟು ಮೂವತ್ತು ಸೆಕೆಂಡುಗಳು ಕಳೆದವು ಎಂಬ ಎಣಿಕೆಯನ್ನೂ ಆ ಗುಟ್ಟನ್ನೂ ಕಲಸಿ, ಎರಡೂ ಕಡೆ ಒಂದೇ ಲೆಕ್ಕ ಮಾಡಿ ಆರು ಅಂಕಿ ತೆಗೆಯುತ್ತಾರೆ. ಸಂದೇಶ ಎಲ್ಲಿಂದಲೂ ಬರಬೇಕಿಲ್ಲ, ಗಡಿಯಾರ ಸರಿಯಿದ್ದರೆ ಸಾಕು. ಆ ಚೌಕದ ಸ್ಕ್ರೀನ್‌ಶಾಟನ್ನು ಗ್ಯಾಲರಿಯಲ್ಲಿ ಇಟ್ಟುಕೊಳ್ಳಬೇಡಿ. ಅದನ್ನು ಕಂಡವರ ಫೋನಿನಲ್ಲೂ ಅದೇ ಅಂಕಿಗಳು ಹುಟ್ಟುತ್ತವೆ. ಇನ್ನೂ ಮುಂದಿನ ಹೆಜ್ಜೆ ಪಾಸ್‌ಕೀ. ಅದರ ಗುಟ್ಟು ಸರ್ವರಿಗೂ ಗೊತ್ತಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ. ಬಾಯ್ತಪ್ಪಿ ಹೇಳಲು ಅಲ್ಲಿ ಏನೂ ಇಲ್ಲ. ಆದರೆ ಅದನ್ನು ತೆರೆಯುವುದು ಫೋನಿನ ಲಾಕ್. ನಾವು ಹುಡುಕಿದಾಗ ತಂಗಿಯ ಮಗಳ ಫೋನಿನಲ್ಲಿ ಮೂರು ಬೆರಳಚ್ಚು ಇದ್ದವು, ಎರಡು ಅವಳವು. ಮೂರನೆಯದನ್ನು ಒಂದು ಪ್ರವಾಸದಲ್ಲಿ ಫೋಟೊ ತೆಗೆಯಲು ಅನುಕೂಲವಾಗಲಿ ಎಂದು ಗೆಳತಿಗಾಗಿ ಸೇರಿಸಿದ್ದಳು.

ಬೇರೆಯವರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಡಿ ಅಪರಾಧ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ಹಣ ಹೋಗಿದ್ದರೆ 1930ಕ್ಕೆ ತಡಮಾಡದೆ ಕರೆ ಮಾಡಬೇಕು. ಉಳಿದದ್ದಕ್ಕೆ ಕೇಂದ್ರ ಗೃಹ ಇಲಾಖೆಯ ಸೈಬರ್ ಅಪರಾಧ ಪೋರ್ಟಲ್ ಇದೆ, ಕರ್ನಾಟಕದಲ್ಲಿ ಸೈಬರ್ ಅಪರಾಧ ನೋಡಿಕೊಳ್ಳುವ ಪೊಲೀಸ್ ಠಾಣೆಗಳಿವೆ. ದೂರು ಕೊಡುವುದೋ ಬೇಡವೋ ಎಂದು ಅವಳು ಇನ್ನೂ ಯೋಚಿಸುತ್ತಿದ್ದಾಳೆ. ಸ್ಕ್ರೀನ್‌ಶಾಟ್‌ಗಳು ಒಂದು ಪೆನ್‌ಡ್ರೈವಿನಲ್ಲಿ ನನ್ನ ಬೀರುವಿನಲ್ಲಿವೆ.

ಎಲ್ಲ ಮುಗಿಸಿ ಎದ್ದೇಳುವಾಗ ಅವಳು ಮೆಲ್ಲಗೆ ಕೇಳಿದಳು: “ದೊಡ್ಡಮ್ಮ, ನನ್ನ ಬ್ರೌಸರಲ್ಲೂ ಅವಳ ಪಾಸ್‌ವರ್ಡ್ ಸೇವ್ ಆಗಿದೆ. ಒಂದ್ಸಲ ಹೋಗಿ ನೋಡ್ಲಾ, ನನ್ನ ಬಗ್ಗೆ ಏನೇನು ಬರೆದಿದಾಳೆ ಅಂತ?” ಬೇಡ ಎಂದೆ, ಅದೇ ಕಾಯ್ದೆ ನಿನಗೂ ಅನ್ವಯಿಸುತ್ತದೆ ಎಂದೆ. ಅವಳು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದಳು. ಗೆಳತಿಯ ಹೆಸರಿನ ಮುಂದೆ ಎಂಟು ಕಪ್ಪು ಚುಕ್ಕಿ. ಆಮೇಲೆ ಅಳಿಸಿದಳು.