ಮಾವ ಕೇಳಿದ ಅಯಸ್ಕಾಂತದ ಔಷಧ

ಸಾಸವಡಕ್ಕೆ ಬಂದು ಆರು ವರ್ಷವಾಯಿತು. ಬೆಳಗ್ಗೆ ದಿವೆ ಘಾಟ್ ಇಳಿದು ಪುಣೆಯ ಪ್ರಯೋಗಾಲಯ, ಸಂಜೆ ಘಾಟ್ ಹತ್ತಿ ಮನೆ. ಅಂಜೂರ, ಸೀತಾಫಲದ ಈ ಊರಲ್ಲಿದ್ದುಕೊಂಡು ನಾನು ಮಾಡುವುದು ಕಬ್ಬಿಣದ ಕೆಲಸ: ಕಬ್ಬಿಣದ ಆಕ್ಸೈಡ್‌ನ ನ್ಯಾನೊ ಕಣಗಳ ತಯಾರಿ. ಕೂದಲೆಳೆಯ ಅಡ್ಡಗಲದಲ್ಲಿ ಇಂಥವು ಸಾವಿರಾರು ಹಿಡಿಸುತ್ತವೆ.

ಕಳೆದ ವರ್ಷ ಗದಗದಿಂದ ಸೋದರಮಾವನ ಫೋನ್ ಬಂತು. ಅತ್ತೆಯ ಮಿದುಳಿನಲ್ಲಿ ಗಡ್ಡೆ. "ನೀವು ಮಾಡೋ ಅಯಸ್ಕಾಂತದ ಔಷಧ ನೇರ ತಲಿಗೇ ಹೋಗ್ತೈತಿ ಅಂತ ಮೊಬೈಲ್‌ನ್ಯಾಗ ನೋಡಿದೆ. ಅಕಿಗೆ ಕೊಡಸಾಕ ಬರ್ತೈತೇನಪಾ?"

ಹೌದು ಎನ್ನಲು ನಾಲಿಗೆ ಏಳಲಿಲ್ಲ. ಇಲ್ಲ ಎನ್ನಲು ಮನಸ್ಸು ಬರಲಿಲ್ಲ.

ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ವಿಷವನ್ನು ತಡೆಯುವ ಈ ಕಾವಲು ಹೆಚ್ಚಿನ ಔಷಧಗಳನ್ನೂ ತಡೆಯುತ್ತದೆ. ಗಡ್ಡೆ ಇರುವಲ್ಲಿ ಮಾತ್ರ ಗೋಡೆ ಸಡಿಲಾಗಿ, ಕಣಗಳು ಒಳಗೆ ಸೋರುತ್ತವೆ. ಚಿತ್ರಣಕ್ಕೆ ಇದೇ ಅನುಕೂಲ. ಮೂತ್ರಪಿಂಡ ರೋಗಿಗಳ ರಕ್ತಹೀನತೆಗೆಂದು 2009ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಫೆರುಮಾಕ್ಸಿಟಾಲ್ ಇಂಥದ್ದೇ ಕಬ್ಬಿಣದ ಕಣ. ಅದನ್ನು ವೈದ್ಯರು ಮಿದುಳಿನ ಎಂಆರ್‌ಐಗೂ ಬಳಸಿದ್ದಾರೆ. ಚುಚ್ಚುಮದ್ದು ಕೊಟ್ಟ ಸುಮಾರು 24 ಗಂಟೆಗಳ ನಂತರ ಗಡ್ಡೆ ಚೆನ್ನಾಗಿ ಎದ್ದು ಕಾಣುತ್ತದೆ. ಕೆಲಸ ಮುಗಿದ ಮೇಲೆ ಆ ಕಬ್ಬಿಣವನ್ನು ದೇಹ ರಕ್ತ ತಯಾರಿಕೆಗೆ ಬಳಸಿಕೊಳ್ಳುತ್ತದೆ.

ಆದರೆ ತೋರಿಸುವುದು ಬೇರೆ, ಔಷಧ ಹೊತ್ತು ತಲುಪಿಸುವುದು ಬೇರೆ. ಅಯಸ್ಕಾಂತದ ಸೆಳೆತ ದೂರ ಹೋದಂತೆ ಬೇಗನೆ ಕುಗ್ಗುತ್ತದೆ. ತಲೆಯ ಹೊರಗೆ ಅಯಸ್ಕಾಂತ ಹಿಡಿದರೆ ಕಣಗಳು ಅದಕ್ಕೆ ಹತ್ತಿರದ ಭಾಗದಲ್ಲೇ ಸೇರುತ್ತವೆ, ಆಳದ ಗಡ್ಡೆಯಲ್ಲಿ ಅಲ್ಲ. ಯುರೋಪಿನಲ್ಲಿ 2010ರಲ್ಲಿ ಅನುಮತಿ ಸಿಕ್ಕ ಚಿಕಿತ್ಸೆಯಲ್ಲೂ ಕಣಗಳನ್ನು ರಕ್ತದ ಮೂಲಕ ಕಳಿಸುವುದಿಲ್ಲ. ಸೂಜಿಯಿಂದ ನೇರ ಗಡ್ಡೆಗೇ ಚುಚ್ಚಿ, ಬದಲಾಗುತ್ತಿರುವ ಕಾಂತಕ್ಷೇತ್ರದಿಂದ ಬಿಸಿ ಮಾಡುತ್ತಾರೆ. ಜೊತೆಗೆ ರೇಡಿಯೇಷನ್ನೂ ಬೇಕು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಷ್ ಘೋಷ್ ಅವರ ತಂಡ ಬೇರೆ ದಾರಿ ಹಿಡಿದಿದೆ. ಸ್ಕ್ರೂ ಆಕಾರದ ನ್ಯಾನೊ ರೋಬಾಟ್‌ಗಳನ್ನು ಸೆಳೆಯುವ ಬದಲು, ತಿರುಗುವ ಕಾಂತಕ್ಷೇತ್ರದಿಂದ ತಿರುಗಿಸಿ ಮುಂದೆ ನಡೆಸುತ್ತಾರೆ. 2022ರಲ್ಲಿ ಅವನ್ನು ಹಲ್ಲಿನೊಳಗಿನ ಸೂಕ್ಷ್ಮ ನಾಳಗಳಿಗೆ ಇಳಿಸಿ ತೋರಿಸಿದರು. ಹಲ್ಲಿನಿಂದ ಮಿದುಳಿಗೆ ಅಂತರ ಗೇಣಿನಷ್ಟೇ. ವಿಜ್ಞಾನಕ್ಕೆ ಅದು ದೂರದ ದಾರಿ.

ಮಾವನಿಗೆ ಇಷ್ಟನ್ನೂ ಹೇಳಿದೆ. "ಈಗಿಲ್ಲ ಮಾವ. ಆಪರೇಷನ್ ಮುಂದೂಡಬ್ಯಾಡ್ರಿ" ಅಂದೆ. ಅತ್ತ ಕಡೆ ಮಾತಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ, "ಖರೇ ಹೇಳಿದಿ, ಅಷ್ಟ ಸಾಕು" ಅಂದರು. ಮರುವಾರವೇ ಆಪರೇಷನ್ ಆಯಿತು. ರೇಡಿಯೇಷನ್ ಮುಗಿಸಿ ಅತ್ತೆ ಈಗ ಮನೆಯಲ್ಲಿದ್ದಾರೆ. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಇದೆ.

ಪರಊರಿನಲ್ಲಿರುವ ನಮಗೆಲ್ಲ ಇಂಥ ಫೋನ್ ಬರುತ್ತವೆ. ಓದಿದವರು, ಗೊತ್ತಿರುತ್ತದೆ ಎಂಬ ನಂಬಿಕೆ. ಆಸೆ ಹುಟ್ಟಿಸುವ ಅರ್ಧ ಸತ್ಯಕ್ಕಿಂತ, ಚಿಕಿತ್ಸೆಯ ಹೊತ್ತು ಮೀರದಂತೆ ಹೇಳಿದ ಒಂದು 'ಇಲ್ಲ' ಊರಿನವರಿಗೆ ಹೆಚ್ಚು ಉಪಕಾರಿ.