ಬೆನ್ನುನೋವಿನ ತಡೆ: ಚಟುವಟಿಕೆಯೂ ಎಚ್ಚರಿಕೆಯೂ

ಬೆನ್ನುನೋವು ಇಂದು ಸರ್ವಸಾಮಾನ್ಯವಾದ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನ 61.9 ಕೋಟಿ ಜನರು ಸೊಂಟದ ಭಾಗದ ಬೆನ್ನುನೋವಿನಿಂದ ಬಳಲುತ್ತಿದ್ದರು. 2050ರ ವೇಳೆಗೆ ಈ ಸಂಖ್ಯೆ 84.3 ಕೋಟಿಗೆ ಏರುವ ಸಂಭವವಿದೆ. ಇದರಿಂದ ಪ್ರಾಣಾಪಾಯವಾಗುವುದು ವಿರಳ. ಆದರೆ ದಿನಗೂಲಿಯನ್ನು ನಂಬಿದ ಕುಟುಂಬದಲ್ಲಿ ದುಡಿಯುವವರ ಬೆನ್ನು ಸೋತರೆ ಅಂದಿನ ಊಟಕ್ಕೇ ಸಂಚಕಾರ ಬರುತ್ತದೆ. ಆದ್ದರಿಂದ ನೋವು ಬಂದ ಮೇಲೆ ಪರಿತಪಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದೇ ಮೇಲು.

ದುಡಿಮೆಯ ರೀತಿ, ನೋವಿನ ದಾರಿ

ಬೆನ್ನುನೋವು ಯಾವ ಯಾವ ದಾರಿಯಿಂದ ಬರುತ್ತದೆ ಎಂಬುದನ್ನು ತಿಳಿಯಲು ನವಿ ಮುಂಬಯಿಯ ವಾಶಿಯಂಥ ಒಂದೇ ಊರನ್ನು ಗಮನಿಸಿದರೆ ಸಾಕು. 1970ರಲ್ಲಿ ಸ್ಥಾಪಿತವಾದ ಸಿಡ್ಕೊ ಸಂಸ್ಥೆಯು ಯೋಜನಾಬದ್ಧವಾಗಿ ಬೆಳೆಸಿದ ಹೊಸ ನಗರದ ಭಾಗ ಇದು. 1992ರಲ್ಲಿ ಠಾಣೆಯ ಹಿನ್ನೀರನ್ನು ದಾಟಿ ರೈಲುಮಾರ್ಗ ಇಲ್ಲಿಗೆ ಬಂದ ಬಳಿಕ ಮುಂಬಯಿಗೆ ಹೋಗಿಬರುವುದು ಸುಲಭವಾಯಿತು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನವರೆಗೆ ಲೋಕಲ್ ಗಾಡಿಯಲ್ಲಿ ಸುಮಾರು 50 ನಿಮಿಷಗಳ ಪ್ರಯಾಣ. ಗಾಡಿಯಲ್ಲಿ ಒತ್ತೊತ್ತಾಗಿ ನಿಂತು ಹೋಗುವವರು ಕಚೇರಿ ಸೇರಿದ ಮೇಲೆ ಎಂಟು ಗಂಟೆಗಳ ಕಾಲ ಕುರ್ಚಿ ಬಿಟ್ಟು ಏಳುವುದಿಲ್ಲ. ಇದು ಒಂದು ಬಗೆಯ ದುಡಿಮೆ.

ಇನ್ನೊಂದು ಬಗೆಯನ್ನು ಇಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಕಾಣಬಹುದು. ಈರುಳ್ಳಿ, ಆಲೂಗಡ್ಡೆ, ಧಾನ್ಯ, ಮಸಾಲೆ ಪದಾರ್ಥ, ಹಣ್ಣು, ತರಕಾರಿಗಳ ಲಾರಿಗಳನ್ನು ಇಳಿಸುವ ಹಮಾಲರಿಗೆ ಮರಾಠಿಯಲ್ಲಿ ‘ಮಾಥಾಡಿ’ ಎಂಬ ಹೆಸರು. ತಲೆಯ ಮೇಲೆ ಹೊರೆ ಹೊರುವವರು ಎಂದು ಅರ್ಥ. ಮೂರನೆಯ ಬಗೆ ಹೋಟೆಲಿನದು. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಿಂದ ಮುಂಬಯಿ ಪರಿಸರಕ್ಕೆ ಬಂದು ನೆಲೆಸಿದ ಅನೇಕರು ಈ ಉದ್ಯಮದಲ್ಲಿದ್ದಾರೆ. ಹಿಟ್ಟು ರುಬ್ಬುವ, ದೋಸೆಕಲ್ಲಿನ ಮುಂದೆ ನಿಲ್ಲುವ ಕೆಲಸಗಾರರು ದಿನವಿಡೀ ಕಾಲಮೇಲೆಯೇ ಇರುತ್ತಾರೆ.

ಒಬ್ಬರು ಕುಳಿತೇ ಇರುವವರು, ಒಬ್ಬರು ಹೊರುವವರು, ಒಬ್ಬರು ನಿಂತೇ ಇರುವವರು. ಮೂವರ ಕೆಲಸ ಬೇರೆಯಾದರೂ ದೋಷ ಒಂದೇ: ಬೆನ್ನಿಗೆ ಒಂದೇ ಬಗೆಯ ಭಾರ, ಬಿಡುವಿಲ್ಲದೆ. ಪರಿಹಾರವೂ ಒಂದೇ: ಬದಲಾವಣೆ ಮತ್ತು ಹಂತಹಂತವಾಗಿ ಗಳಿಸಿದ ಬಲ.

ಬೆನ್ನಿನ ರಚನೆ

ಬೆನ್ನೆಲುಬು ಒಂದೇ ಮೂಳೆಯಲ್ಲ. ಒಂದರ ಮೇಲೊಂದು ಜೋಡಿಸಿದ ಕಶೇರುಗಳ ಸರಣಿ. ಸೊಂಟದ ಭಾಗದಲ್ಲಿರುವ ಐದು ಕಶೇರುಗಳು ದೇಹದ ಹೆಚ್ಚಿನ ಭಾರವನ್ನು ತಾಳುತ್ತವೆ. ಕಶೇರುಗಳ ನಡುವೆ ಮೆತ್ತೆಯಂಥ ಬಿಲ್ಲೆಗಳಿವೆ. ವಯಸ್ಕರಲ್ಲಿ ಈ ಬಿಲ್ಲೆಗಳ ಒಳಭಾಗಕ್ಕೆ ನೇರವಾದ ರಕ್ತಸಂಚಾರವಿಲ್ಲ. ಅಕ್ಕಪಕ್ಕದ ಅಂಗಾಂಶದಿಂದ ನಿಧಾನವಾಗಿ ಒಸರುವ ದ್ರವವೇ ಅವುಗಳಿಗೆ ಆಹಾರ. ಹಗಲು ಭಾರ ಬಿದ್ದಾಗ ಅವು ನೀರನ್ನು ಬಿಟ್ಟುಕೊಟ್ಟು ತುಸು ತೆಳುವಾಗುತ್ತವೆ, ರಾತ್ರಿ ಮಲಗಿದಾಗ ನೀರನ್ನು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಹೆಚ್ಚಿರುವುದಕ್ಕೆ ಇದೇ ಮುಖ್ಯ ಕಾರಣ. ಎದ್ದ ಕೂಡಲೇ ಬಾಗಿ ನೀರಿನ ಕೊಡ ಎತ್ತಬಾರದು, ಬಾಗುವ ವ್ಯಾಯಾಮ ಮಾಡಬಾರದು ಎನ್ನುವುದೂ ಇದಕ್ಕಾಗಿಯೇ.

ಈ ಸರಣಿಯನ್ನು ನೆಟ್ಟಗೆ ನಿಲ್ಲಿಸುವುದು ಬೆನ್ನು, ಹೊಟ್ಟೆ ಮತ್ತು ಪೃಷ್ಠದ ಸ್ನಾಯುಗಳು. ಬಳಸದ ಸ್ನಾಯು ಬಲಗುಂದುತ್ತದೆ. ಬಲಗುಂದಿದ ಸ್ನಾಯುವಿನ ಮೇಲೆ ಒಮ್ಮೆಗೇ ಭಾರ ಹೇರಿದರೆ ನೋವು ತಪ್ಪದು.

ವಿಶ್ರಾಂತಿಯ ಮಿತಿ

ಬೆನ್ನು ಹಿಡಿದುಕೊಂಡರೆ ಹಾಸಿಗೆ ಹಿಡಿಯಬೇಕು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಫಿನ್ಲೆಂಡಿನ ಹೆಲ್ಸಿಂಕಿ ನಗರದ 186 ನೌಕರರ ಮೇಲೆ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸುಳ್ಳಾಗಿಸಿತು. ಎರಡು ದಿನ ಹಾಸಿಗೆಯಲ್ಲಿದ್ದವರಿಗಿಂತ, ಆ ನೋವಿನ ದಿನಗಳಲ್ಲಿಯೇ ವ್ಯಾಯಾಮ ಮಾಡಿದವರಿಗಿಂತ, ನೋವು ತಾಳುವ ಮಿತಿಯಲ್ಲಿ ನಿತ್ಯದ ಕೆಲಸ ಮುಂದುವರಿಸಿದವರು ಬೇಗ ಚೇತರಿಸಿಕೊಂಡರು. ನೋವು ಹೊಸದಾಗಿ ಬಂದಾಗ ಮಲಗಿಯೇ ಇರುವುದೂ ಹಟದಿಂದ ಕಸರತ್ತು ಮಾಡುವುದೂ ಸಲ್ಲವೆಂದು ಇದರಿಂದ ತಿಳಿಯಬೇಕು.

ಗುಣವಾದ ನಂತರ ನೋವು ಮರುಕಳಿಸದಿರಲು ನಡಿಗೆ ಉತ್ತಮ ಸಾಧನ. ಆಸ್ಟ್ರೇಲಿಯದಲ್ಲಿ 701 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾರ್ಗದರ್ಶನ ಪಡೆದು ಕ್ರಮವಾಗಿ ನಡೆದವರಿಗೆ ನೋವು ಮರಳಲು ಹಿಡಿದ ಮಧ್ಯಮ ಅವಧಿ 208 ದಿನ. ಉಳಿದವರಿಗೆ 112 ದಿನ. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ನಡೆಯುವುದು ಅವರ ಗುರಿ. ಅದನ್ನು ಮುಟ್ಟಲು ಕೊಟ್ಟ ಕಾಲಾವಕಾಶ ಆರು ತಿಂಗಳು. ವಾಶಿಯಲ್ಲಿ ಸಾಗರ ವಿಹಾರ, ಮಿನಿ ಸೀಶೋರ್‌ಗಳಂಥ ಹಿನ್ನೀರಿನ ದಂಡೆಯ ನಡಿಗೆ ತಾಣಗಳಿವೆ. ಅಂಥ ಅನುಕೂಲವಿಲ್ಲದ ಊರಿನಲ್ಲಿ ಮನೆಯ ಮುಂದಿನ ಬೀದಿಯೂ ಸಾಕು.

ಮನೆಯಲ್ಲಿ ಮಾಡಬಹುದಾದ ವ್ಯಾಯಾಮಗಳು

ನೋವಿಲ್ಲದ ದಿನಗಳಲ್ಲಿ ಐದು ನಿಮಿಷ ನಡೆದು ಮೈ ಬೆಚ್ಚಗಾದ ಬಳಿಕ ಇವುಗಳನ್ನು ಮಾಡಬಹುದು. ಮೊದಲು ಐದೈದು ಸಲ, ಅಭ್ಯಾಸವಾದಂತೆ ಹತ್ತರವರೆಗೆ.

1. ಅಂಗಾತ ಮಲಗಿ ಮಂಡಿಗಳನ್ನು ಮಡಿಸಿ, ಪಾದಗಳನ್ನು ನೆಲಕ್ಕೂರಿ ಸೊಂಟವನ್ನು ಮೆಲ್ಲಗೆ ಮೇಲೆತ್ತಬೇಕು. ಐದು ಎಣಿಸಿ ಇಳಿಸಬೇಕು. ಇದು ಸೇತುಬಂಧಾಸನದ ಸರಳ ರೂಪ.

2. ಕೈ ಮತ್ತು ಮಂಡಿಗಳನ್ನು ನೆಲಕ್ಕೂರಿ ಬೆನ್ನನ್ನು ನಿಧಾನವಾಗಿ ಮೇಲಕ್ಕೂ ಕೆಳಕ್ಕೂ ಬಾಗಿಸಬೇಕು. ಇದು ಮಾರ್ಜಾಲಾಸನ.

3. ಅದೇ ಭಂಗಿಯಲ್ಲಿ ಬಲಗೈಯನ್ನು ಮುಂದಕ್ಕೂ ಎಡಗಾಲನ್ನು ಹಿಂದಕ್ಕೂ ಚಾಚಿ ಐದು ಎಣಿಸಬೇಕು. ಅನಂತರ ಎಡಗೈ, ಬಲಗಾಲು.

4. ಕುರ್ಚಿಯ ಅಂಚಿನಿಂದ ಕೈಯ ಆಸರೆಯಿಲ್ಲದೆ ಎದ್ದು, ಮತ್ತೆ ನಿಧಾನವಾಗಿ ಕುಳಿತುಕೊಳ್ಳಬೇಕು.

ಉಸಿರು ಬಿಗಿಹಿಡಿಯಬಾರದು. ಮರುದಿನ ಸ್ನಾಯುಗಳಲ್ಲಿ ತುಸು ನೋವಿದ್ದರೆ ಆತಂಕ ಬೇಡ. ನೋವು ಕಾಲಿಗೆ ಇಳಿದರೆ ಅಥವಾ ದಿನದಿಂದ ದಿನಕ್ಕೆ ಹೆಚ್ಚಿದರೆ ನಿಲ್ಲಿಸಬೇಕು. ಯೋಗಾಭ್ಯಾಸವೂ ಪ್ರಯೋಜನಕಾರಿ. ಬೆಂಗಳೂರಿನ ಬಳಿಯ ಪ್ರಶಾಂತಿ ಕುಟೀರದಲ್ಲಿ ದೀರ್ಘಕಾಲದ ಬೆನ್ನುನೋವಿನ 80 ರೋಗಿಗಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವಾರ ಯೋಗಾಭ್ಯಾಸ ಮಾಡಿದವರಲ್ಲಿ ಅಶಕ್ತತೆ ಕಡಿಮೆಯಾಗಿ ಬೆನ್ನಿನ ಬಾಗುವಿಕೆ ಸುಧಾರಿಸಿತ್ತು. ಆದರೆ ಕಠಿಣ ಆಸನಗಳನ್ನು ಬಲ್ಲವರಿಂದ ಕಲಿತೇ ಮಾಡತಕ್ಕದ್ದು.

ಕೆಲಸದ ಹೊತ್ತಿನಲ್ಲಿ

ಕುಳಿತು ಕೆಲಸ ಮಾಡುವವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಅತ್ಯುತ್ತಮ ಭಂಗಿಯೆಂದರೆ ಆಗಾಗ ಬದಲಾಗುವ ಭಂಗಿಯೇ. ನಿಂತು ಕೆಲಸ ಮಾಡುವವರು ಒಂದು ಪಾದವನ್ನು ಸಣ್ಣ ಮಣೆಯ ಮೇಲಿಟ್ಟು, ಸರದಿಯಂತೆ ಪಾದ ಬದಲಿಸಬೇಕು.

ಹೊರೆ ಎತ್ತುವವರು ಅದರ ಸಮೀಪಕ್ಕೆ ಹೋಗಿ, ಮಂಡಿಗಳನ್ನು ಬಾಗಿಸಿ, ಹೊರೆಯನ್ನು ಮೈಗೆ ಒತ್ತಿಹಿಡಿದು ಏಳಬೇಕು. ತಿರುಗಬೇಕಾದಾಗ ಸೊಂಟವನ್ನು ತಿರುಚದೆ ಪಾದಗಳನ್ನು ತಿರುಗಿಸಬೇಕು. ಆದರೆ ಎತ್ತುವ ಕ್ರಮ ಎಷ್ಟೇ ಸರಿಯಿದ್ದರೂ ಚೀಲದ ತೂಕವೇ ಅತಿಯಾದರೆ ಬೆನ್ನು ಉಳಿಯದು. ಒಬ್ಬ ವಯಸ್ಕ ಪುರುಷ ಹೊರುವ ತೂಕ 55 ಕಿಲೋಗ್ರಾಮನ್ನು ಮೀರಬಾರದೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ ಶಿಫಾರಸು ಮಾಡಿದೆ. ಮಹಾರಾಷ್ಟ್ರದಲ್ಲಿ ಹಮಾಲರ ಉದ್ಯೋಗವನ್ನು ಕ್ರಮಬದ್ಧಗೊಳಿಸಲು 1969ರಲ್ಲಿ ಮಾಥಾಡಿ ಕಾಯಿದೆ ಜಾರಿಗೆ ಬಂದಿತು. ಚೀಲ ತುಂಬಿಸುವ ವ್ಯಾಪಾರಿಯೂ ಹಮಾಲನ ಬೆನ್ನಿಗೆ ಹೊಣೆಗಾರನೆಂಬುದನ್ನು ಮರೆಯಬಾರದು. ತಳ್ಳುಗಾಡಿ ಬಳಸುವುದು, ಭಾರವನ್ನು ಇಬ್ಬರು ಹಂಚಿಕೊಳ್ಳುವುದು ಸೋಮಾರಿತನವಲ್ಲ, ವಿವೇಕ. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡರೆ ಎಲ್ಲವೂ ಸರಿಯಾಗುವುದೆಂಬ ಭಾವನೆಯೂ ಸಾಧುವಲ್ಲ. ದೀರ್ಘಕಾಲದ ನೋವಿಗೆ ಇಂಥ ಪಟ್ಟಿಗಳನ್ನು ರೂಢಿಯಾಗಿ ಬಳಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ.

ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಬಹುಪಾಲು ಬೆನ್ನುನೋವು ಕೆಲವು ವಾರಗಳಲ್ಲಿ ತಾನಾಗಿ ಶಮನವಾಗುತ್ತದೆ. ಆದರೆ ಈ ಲಕ್ಷಣಗಳನ್ನು ಕಡೆಗಣಿಸಬಾರದು:

ಮಲಮೂತ್ರಗಳ ಮೇಲೆ ಹತೋಟಿ ತಪ್ಪುವುದು ಅಥವಾ ಮೂತ್ರ ಕಟ್ಟುವುದು, ತೊಡೆಸಂದಿಯಲ್ಲಿ ಜೋಮು, ಕಾಲಿನಲ್ಲಿ ಹೆಚ್ಚುತ್ತಿರುವ ನಿಶ್ಶಕ್ತಿ, ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ಜ್ವರ, ರಾತ್ರಿ ಬೆವರು, ತೂಕ ಇಳಿಯುವಿಕೆಯೊಂದಿಗೆ ಬಿಡದೆ ಕಾಡುವ ನೋವು.

ಮೊದಲ ಮೂರು ಲಕ್ಷಣಗಳಲ್ಲಿ ಒಂದೇ ಕಂಡುಬಂದರೂ ಅಂದೇ ಆಸ್ಪತ್ರೆಗೆ ಹೋಗಬೇಕು. ಕೊನೆಯದು ಬೆನ್ನೆಲುಬಿನ ಕ್ಷಯದ ಸೂಚನೆಯಿರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ದೊರೆಯುತ್ತದೆ. ಗರ್ಭಿಣಿಯರು, ಹೃದ್ರೋಗಿಗಳು, ಮೂಳೆ ಸವೆತವಿರುವ ವೃದ್ಧರು ವೈದ್ಯರನ್ನು ಕೇಳಿಯೇ ವ್ಯಾಯಾಮ ಆರಂಭಿಸಬೇಕು.

ಬೆನ್ನು ಗಾಜಿನ ಪಾತ್ರೆಯಲ್ಲ. ಹೆದರಿ ಮೂಲೆಯಲ್ಲಿಟ್ಟರೆ ಅದು ಉಳಿಯುವುದಿಲ್ಲ. ಹಾಗೆಂದು ಕಲ್ಲುಕಂಬವೂ ಅಲ್ಲ. ಪ್ರತಿದಿನ ಅರ್ಧ ಗಂಟೆಯ ನಡಿಗೆ, ಹತ್ತು ನಿಮಿಷದ ವ್ಯಾಯಾಮ, ಎತ್ತುವಾಗ ಒಂದು ಕ್ಷಣದ ಎಚ್ಚರ: ಇಷ್ಟಕ್ಕೆ ಹಣ ಬೇಕಿಲ್ಲ. ಇಂದಿನಿಂದಲೇ, ಕೈಲಾದಷ್ಟರಿಂದಲೇ ಆರಂಭಿಸುವುದು ಒಳಿತು.